ಮಿಗ್-21ನ ಮನೇಲಿ ಹಾರ್ಸೋಕೆ ಏನೇನ್ ಬೇಕು, ದುಡ್ಡು ಮೊದಲು ಎಲ್ಲಿಗೆ ಹಾಕ್ಬೇಕು

2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21 ಕೊನೇ ಸಲ ಹಾರಿ ವಾಯುಪಡೆಯಿಂದ ನಿವೃತ್ತಿ ಆಯ್ತಲ್ಲ, ಅದಾದ್ಮೇಲೆ ನನ್ ಹತ್ರ ಒಂದೇ ಪ್ರಶ್ನೆ ಇಟ್ಕೊಂಡು ಬರೋರು ಜಾಸ್ತಿ ಆಗಿದಾರೆ. ಇದನ್ನ ಕಂಪ್ಯೂಟರಲ್ಲಾದ್ರೂ ಒಂದ್ಸಲ ಹಾರಿಸ್ಬೇಕು, ಯಾವ ಜಾಯ್‌ಸ್ಟಿಕ್ ತಗೊಳ್ಲಿ ಅಂತ. 1963ರಿಂದ 62 ವರ್ಷ ನಮ್ಮ ಆಕಾಶ ಕಾದ ವಿಮಾನ, ನಾಸಿಕ್‌ನಲ್ಲಿ ಎಚ್‌ಎಎಲ್ ಕೈಯಲ್ಲೇ ನೂರಾರು ತಯಾರಾಗಿದ್ದು, 1971ರ ಡಿಸೆಂಬರ್ 14ಕ್ಕೆ ಢಾಕಾದ ಗವರ್ನರ್ ಹೌಸ್ ಮೇಲೆ ರಾಕೆಟ್ ಹಾಕಿದ್ದೂ ಇದೇ, ಹಂಗಾಗಿ ಆಸೆ ಆಗೋದ್ರಲ್ಲಿ ಆಶ್ಚರ್ಯ ಏನಿಲ್ಲ. ಆದ್ರೆ ಜಾಯ್‌ಸ್ಟಿಕ್‌ನಿಂದ ಶುರು ಮಾಡೋದು ಬೇಡ ಅನ್ನೋದೇ ನಾನು ಇಲ್ಲಿ ಹೇಳೋಕೆ ಹೊರಟಿರೋದು. ದುಡ್ಡು, ಟೈಮು ಎರಡನ್ನೂ ಮೊದಲು ಕಣ್ಣಿಗೆ ಹಾಕಿ, ಆಮೇಲೆ ಕೂರೋ ಜಾಗಕ್ಕೆ, ಆಮೇಲೆ ಕಾಲಿಗೆ, ದುಬಾರಿ ಸ್ಟಿಕ್ಕು ಥ್ರಾಟಲ್ಲು ಎಲ್ಲಾ ಕೊನೇಗೆ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲ್ನೇ ಹೆಜ್ಜೆ: ಫ್ಲೈಟ್ ಸಿಮ್ಯುಲೇಟರ್ (ಸಿಮ್) ಹಾಕ್ಕೊಳ್ಳಿ, ಪುಕ್ಕಟೆ ಸಿಗೋದನ್ನ ಮೊದಲು ಬಳಸಿ

ಮಿಗ್-21ನ ಸ್ವಿಚ್ ಸ್ವಿಚ್ ಬಿಡದೆ ಮಾಡಿರೋದು ಸಿಗ್ಬೇಕು ಅಂದ್ರೆ ಡಿಸಿಎಸ್ ವರ್ಲ್ಡ್ ಅನ್ನೋ ಸಿಮ್‌ಗೇ ಬರ್ಬೇಕು. ಬೇಸ್ ಗೇಮ್ ಫ್ರೀ, ಅದ್ರ ಜೊತೆ ಸು-25ಟಿ ಅನ್ನೋ ನೆಲದ ಮೇಲೆ ದಾಳಿ ಮಾಡೋ ಜೆಟ್ಟು, ಆಯುಧ ಇಲ್ಲದ ಟಿಎಫ್-51ಡಿ ಮಸ್ಟಾಂಗು, ಕಾಕಸಸ್ ಮತ್ತೆ ಮರಿಯಾನಾಸ್ ಮ್ಯಾಪು, ಇಷ್ಟೂ ಒಂದ್ ರೂಪಾಯಿ ಕೊಡ್ದೆ ಬರತ್ತೆ. ಮಿಗ್-21ಬಿಸ್ ಮಾಡ್ಯೂಲ್, ಅಂದ್ರೆ ಆ ವಿಮಾನದ ಪ್ಯಾಕು, ಬೇರೆ ಕೊಂಡ್ಕೋಬೇಕು, ಅದು 2014ರಲ್ಲಿ ಬಂದಿದ್ದು, ಈಗ ಮ್ಯಾಗ್ನಿಟ್ಯೂಡ್ 3 ಅನ್ನೋ ಟೀಮ್ ನೋಡ್ಕೊಳ್ತಿದೆ. ಕೊಳ್ಳೋಕ್ ಮುಂಚೆ 14 ದಿನ ಫ್ರೀ ಟ್ರಯಲ್ ಇದೆ, ಆದ್ರೆ ಅದು ಡಿಸಿಎಸ್ ವೆಬ್‌ಸೈಟಿಂದ ನೇರ ಇಳಿಸ್ಕೊಂಡ ವರ್ಶನ್‌ಗೆ ಮಾತ್ರ, ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಇಲ್ಲ. ಇನ್ನೊಂದು ವಿಷ್ಯ, ಸ್ಟೀಮ್‌ನಲ್ಲಿ ಕೊಂಡಿದ್ದನ್ನ ನೇರ ವರ್ಶನ್‌ಗೆ ತಂದ್ಕೋಬಹುದು, ಅಲ್ಲಿಂದ ಸ್ಟೀಮ್‌ಗೆ ಒಯ್ಯೋಕಾಗಲ್ಲ. ಎಲ್ಲಿ ಕೊಳ್ತೀರ ಅನ್ನೋದನ್ನ ಶುರುವಲ್ಲೇ ತೀರ್ಮಾನ ಮಾಡಿ.

ನಮ್ಮವರು ಇಲ್ಲೊಂದು ವಿಷ್ಯ ಗಮನಿಸ್ಬೇಕು. ಡಿಸಿಎಸ್‌ನಲ್ಲಿರೋದು ಬಿಸ್, ನಮ್ಮ ವಾಯುಪಡೆ ಕೊನೇವರ್ಗೂ ಹಾರ್ಸಿದ್ದು ಬೈಸನ್. ಬೈಸನ್ ಅಂದ್ರೆ ಅದೇ ಬಿಸ್‌ನ ತಗೊಂಡು ಹೊಸ ಕೋಪ್ಯೋ ರೇಡಾರು, ಆರ್-73, ಆರ್-77 ಮಿಸೈಲು, ಹೆಲ್ಮೆಟ್ ಸೈಟು ಎಲ್ಲಾ ಹಾಕಿ ಅಪ್‌ಗ್ರೇಡ್ ಮಾಡಿದ್ದು. ಸಿಮ್‌ನಲ್ಲಿ ನಿಮಗೆ ಸಿಗೋದು ಹಳೇ ಆರ್‌ಪಿ-22 ರೇಡಾರು, ಆರ್-60, ಆರ್-3, ಆರ್-13 ಥರದ ಮಿಸೈಲು, ಹೊಟ್ಟೆ ಕೆಳಗೆ 200 ಗುಂಡು ಹಿಡಿಯೋ ಜಿಎಸ್‌ಎಚ್-23 ಗನ್ನು. ಬೈಸನ್ ಅಂದ್ಕೊಂಡು ಕೊಂಡ್ರೆ ಬೇಜಾರಾಗತ್ತೆ, 80ರ ದಶಕದ ನಮ್ಮ ಬಿಸ್ ಅಂದ್ಕೊಂಡು ಕೂತ್ರೆ ಖುಷಿ ಆಗತ್ತೆ. ನನ್ನ ಕೇಳಿದ್ರೆ ಹಳೇದೇ ಚೆಂದ, ಅದ್ರಲ್ಲಿ ಪೈಲಟ್‌ಗೇ ಕೆಲ್ಸ ಜಾಸ್ತಿ.

ಮಿರಾಜ್ 2000 ಮೇಲೆ ಕಣ್ಣಿರೋರಿಗೂ ಒಂದ್ ಮಾತು. ಡಿಸಿಎಸ್‌ನಲ್ಲಿರೋ ಎಂ-2000ಸಿ ಫ್ರೆಂಚ್ ಏರ್‌ಫೋರ್ಸ್‌ದು, ರೇಡಾರ್ ಆರ್‌ಡಿಐ. 1985ರಲ್ಲಿ ನಮಗೆ ಗ್ವಾಲಿಯರ್‌ಗೆ ಬಂದ 2000ಎಚ್‌ನಲ್ಲಿದ್ದದ್ದು ಆರ್‌ಡಿಎಂ. ಅದೂ ಅಲ್ದೆ ಆ ಮಾಡ್ಯೂಲ್ ಮಾಡಿದ ರಾಜ್‌ಬ್ಯಾಮ್‌ಗೂ ಡಿಸಿಎಸ್ ಮಾಡೋ ಈಗಲ್ ಡೈನಮಿಕ್ಸ್‌ಗೂ ದುಡ್ಡಿನ ವಿಚಾರಕ್ಕೆ ಬಂದ ಜಗಳ 2024ರಲ್ಲಿ ಬಹಿರಂಗ ಆಗಿದೆ, ಹಂಗಾಗಿ ಅವರ ಮಾಡ್ಯೂಲ್ ಕೊಳ್ಳೋ ಮುಂಚೆ ಈಗ ಪರಿಸ್ಥಿತಿ ಏನಿದೆ ಅಂತ ವಿಚಾರಿಸ್ಕೊಳ್ಳಿ. ಬೀದರ್‌ನಲ್ಲಿ ದಿನಾ ಹಾರೋ ಹಾಕ್ ಅನ್ನೋ ತರಬೇತಿ ಜೆಟ್‌ನ ಒಂದು ವರ್ಶನ್ ಕೂಡ ಒಂದ್ ಕಾಲದಲ್ಲಿ ಡಿಸಿಎಸ್‌ನಲ್ಲಿತ್ತು, ಅದನ್ನ ಮಾಡ್ತಿದ್ದ ಕಂಪನಿ 2018ರಲ್ಲಿ ಕೈ ಬಿಟ್ಮೇಲೆ ಹೋಗೇಬಿಡ್ತು. ಮಾಡ್ಯೂಲ್ ಕೊಳ್ಳೋದು ಅಂದ್ರೆ ಅದನ್ನ ಮಾಡಿದ ಟೀಮನ್ನೂ ನಂಬೋದು ಅಂತ ಲೆಕ್ಕ.

ಕಂಪ್ಯೂಟರ್ ಬಗ್ಗೆ ಜಾಸ್ತಿ ಹೇಳಲ್ಲ. ಎಸ್‌ಎಸ್‌ಡಿ ಬೇಕೇ ಬೇಕು, ಹಾರ್ಡ್‌ಡಿಸ್ಕ್‌ನಲ್ಲಿ ಹಾಕಿದ್ರೆ ಮಿಷನ್ ಲೋಡ್ ಆಗೋಷ್ಟ್ರಲ್ಲಿ ಕಾಫಿ ಕುಡ್ದು ಬರಬಹುದು. 32 ಜಿಬಿ ರ್‍ಯಾಮ್ ಇದ್ರೆ ನೆಮ್ಮದಿ. ಬೆಂಗಳೂರಲ್ಲಿದ್ರೆ ಎಸ್‌ಪಿ ರೋಡ್‌ನಲ್ಲಿ ಒಂದ್ ರೌಂಡ್ ಹಾಕಿ ನಾಲ್ಕು ಅಂಗಡೀಲಿ ರೇಟ್ ಕೇಳಿ. ಮಿಗ್-21 ಹಳೇ ಮಾಡ್ಯೂಲ್, ಟಚ್‌ಸ್ಕ್ರೀನು, ಎಂಎಫ್‌ಡಿ ಅನ್ನೋ ಡಿಜಿಟಲ್ ಪರದೆ ಯಾವ್ದೂ ಇಲ್ಲ, ಅದಕ್ಕೇ ಅಂತ ಭಾರಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳೋ ಅಗತ್ಯ ಇಲ್ಲ.

ಎರಡ್ನೇ ಹೆಜ್ಜೆ: ಹೆಡ್ ಟ್ರ್ಯಾಕಿಂಗ್, ಇದನ್ನ ಮಾತ್ರ ಬಿಡಬೇಡಿ

ಹೆಡ್ ಟ್ರ್ಯಾಕಿಂಗ್ ಅಂದ್ರೆ ನೀವು ತಲೆ ತಿರುಗಿಸ್ದಂಗೆ ಆಟದೊಳಗಿನ ನೋಟಾನೂ ತಿರುಗೋದು. ಡಾಗ್‌ಫೈಟ್‌ನಲ್ಲಿ ಎದುರಾಳಿ ನಿಮ್ಮ ಮುಂದೆ ಇರೋದು ಕೆಲವೇ ಸೆಕೆಂಡು. ಮಿಕ್ಕ ಹೊತ್ತೆಲ್ಲಾ ಅವನು ತಲೆ ಮೇಲೆ, ಹೆಗಲ ಹಿಂದೆ, ರೆಕ್ಕೆ ಕೆಳಗೆ ಎಲ್ಲೋ ಇರ್ತಾನೆ. ಕಣ್ಣು ಅವನ ಮೇಲಿಂದ ತಪ್ತು ಅಂದ್ರೆ ಆಟ ಮುಗೀತು. ಸ್ಟಿಕ್ ತಲೆ ಮೇಲಿರೋ ಹ್ಯಾಟ್ ಸ್ವಿಚ್ಚಲ್ಲೋ ಮೌಸಲ್ಲೋ ನೋಟ ತಿರುಗಿಸ್ಕೊಂಡು ಹಾರೋದು ಕುದುರೆ ಕಣ್ಣಿಗೆ ಪಟ್ಟಿ ಕಟ್ಟಿ ಗಾಡಿ ಓಡ್ಸಿದಂಗೆ, ನೇರ ಹೋಗೋಕೆ ಸರಿ, ಜಗಳಕ್ಕೆ ಅಲ್ಲ. ಮಿಗ್-21ನಲ್ಲಂತೂ ಇದು ಇನ್ನೂ ಜಾಸ್ತಿ, ಯಾಕಂದ್ರೆ ಆ ಕಾಕ್‌ಪಿಟ್ ಇಕ್ಕಟ್ಟು, ಮುಂದೆ ದಪ್ಪ ದಪ್ಪ ಫ್ರೇಮು, ಹಿಂದೆ ಬೆನ್ನಿನ ಉಬ್ಬು. ನಿಜವಾದ ಪೈಲಟ್‌ಗಳಿಗೇ ಹಿಂದೆ ಕಾಣದೆ ಕ್ಯಾನೋಪಿ ಮೇಲೆ ಪುಟ್ಟ ಪೆರಿಸ್ಕೋಪ್ ಇಟ್ಟಿದ್ರು. ಲಕ್ಷ ರೂಪಾಯಿ ಸ್ಟಿಕ್ ಇಟ್ಕೊಂಡು ಹೆಡ್ ಟ್ರ್ಯಾಕಿಂಗ್ ಇಲ್ದೆ ಕೂತವ್ರು, ಸಾಧಾರಣ ಸ್ಟಿಕ್ ಇಟ್ಕೊಂಡು ಹೆಡ್ ಟ್ರ್ಯಾಕಿಂಗ್ ಇರೋವ್ರ ಕೈಯಲ್ಲಿ ಸೋಲ್ತಾರೆ, ಇದನ್ನ ಆನ್‌ಲೈನ್ ಸರ್ವರ್‌ಗಳಲ್ಲಿ ಯಾವತ್ ಬೇಕಾದ್ರೂ ನೋಡ್ಬಹುದು.

ಇದಕ್ಕೇ ಅಂತ ಸಿಗೋ ಟ್ರ್ಯಾಕ್‌ಐಆರ್ 5 ಒಳ್ಳೇದು ನಿಜ, ಆದ್ರೆ ಹೊರಗಿಂದ ತರಿಸ್ಕೊಂಡ್ರೆ ಕಸ್ಟಮ್ಸ್ ಸೇರಿ ರೇಟು ಜೋರಾಗತ್ತೆ. ಅದಕ್ಕೆ ಮೊದಲು ಓಪನ್‌ಟ್ರ್ಯಾಕ್ ಅನ್ನೋ ಫ್ರೀ ಸಾಫ್ಟ್‌ವೇರ್ ಇಳಿಸ್ಕೊಳ್ಳಿ. ಅದ್ರಲ್ಲಿ ಇನ್‌ಪುಟ್‌ಗೆ ನ್ಯೂರಲ್‌ನೆಟ್ ಟ್ರ್ಯಾಕರ್ ಆರಿಸಿದ್ರೆ ಮನೇಲಿರೋ ಮಾಮೂಲಿ ವೆಬ್‌ಕ್ಯಾಮೇ ಸಾಕು, ತಲೆ ಮೇಲೆ ಏನೂ ಹಾಕ್ಕೋಬೇಕಾಗಿಲ್ಲ, ಮುಖ ನೋಡ್ಕೊಂಡು ತಲೆ ಎತ್ತ ತಿರುಗ್ತು ಅಂತ ಅದೇ ಲೆಕ್ಕ ಹಾಕತ್ತೆ. ಫಿಲ್ಟರ್‌ಗೆ ಆಕ್ಸೆಲಾ, ಔಟ್‌ಪುಟ್‌ಗೆ ಫ್ರೀಟ್ರ್ಯಾಕ್ 2.0 ಎನ್‌ಹಾನ್ಸ್ಡ್ ಹಾಕಿ, ಡಿಸಿಎಸ್ ಶುರು ಮಾಡಿ, ಅದಾಗೇ ಹಿಡ್ಕೊಳ್ಳತ್ತೆ.

ಸೆಟ್ ಮಾಡೋವಾಗ ನೋಡ್ಬೇಕಾದ ನಾಲ್ಕು ವಿಷ್ಯ. ಮುಖದ ಮೇಲೆ ಬೆಳಕು ಸಾಕಷ್ಟು ಇರ್ಲಿ, ಕತ್ಲಲ್ಲಿ ವೆಬ್‌ಕ್ಯಾಮ್ ಫ್ರೇಮ್ ರೇಟ್ ಇಳಿಸ್ಬಿಡತ್ತೆ, ನೋಟ ಜರ್ಕ್ ಹೊಡಿಯತ್ತೆ. ಕಿಟಕಿ ಬೆನ್ನಿಗೆ ಇರ್ಬಾರ್ದು. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಪವರ್‌ಲೈನ್ ಫ್ರೀಕ್ವೆನ್ಸಿ ಅಂತ ಒಂದಿರತ್ತೆ, ನಮ್ ಕಡೆ ಕರೆಂಟು 50 ಹರ್ಟ್ಜ್, ಅದು 60ರಲ್ಲಿದ್ರೆ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕತ್ತೆ, 50ಕ್ಕೆ ಹಾಕಿ. ಆಮೇಲೆ ಮುಖ್ಯವಾದ್ದು ಮ್ಯಾಪಿಂಗ್ ಕರ್ವು. ನೀವು ತಲೆ 40 ಡಿಗ್ರಿ ತಿರುಗಿಸ್ದಾಗ ಆಟದೊಳಗೆ ನೋಟ 150 ಡಿಗ್ರಿ ಹತ್ರ ಹೋಗ್ಬೇಕು, ಅದಕ್ಕಿಂತ ಜಾಸ್ತಿ ತಲೆ ತಿರುಗಿಸಿದ್ರೆ ನಿಮ್ಗೇ ಸ್ಕ್ರೀನ್ ಕಾಣಲ್ವಲ್ಲ. ಹಂಗಂತ ನಡುವಿಂದ್ಲೇ ಕಡಿದಾದ ಕರ್ವ್ ಹಾಕಿದ್ರೆ ಗನ್‌ಸೈಟ್ ನೋಡೋವಾಗ ಉಸಿರಾಡಿದ್ರೂ ನೋಟ ಅಲುಗಾಡತ್ತೆ, ಅದಕ್ಕೆ ಮೊದಲ ಐದು ಡಿಗ್ರಿ ಹೆಚ್ಚುಕಮ್ಮಿ ಚಪ್ಪಟೆ ಬಿಟ್ಟು ಆಮೇಲೆ ಏರಿಸಿ. ಸೆಂಟರ್ ಮಾಡೋ ಬಟನ್‌ನ ಸ್ಟಿಕ್ ಮೇಲೇ ಇಟ್ಕೊಳ್ಳಿ, ಕೀಬೋರ್ಡ್ ಹುಡುಕೋಹಾಗಿರ್ಬಾರ್ದು.

ವೆಬ್‌ಕ್ಯಾಮ್ ಟ್ರ್ಯಾಕಿಂಗ್ ಕನ್ನಡಕ ಹಾಕಿದವ್ರಿಗೆ ಕೆಲವೊಮ್ಮೆ ತಪ್ಪತ್ತೆ, ಅಂಥವ್ರು ಇನ್‌ಫ್ರಾರೆಡ್ (ಐಆರ್) ಕ್ಲಿಪ್ ಕಡೆ ಹೋಗಿ. ಮೂರು ಐಆರ್ ಎಲ್‌ಇಡಿ ಸೀರೀಸಲ್ಲಿ ಜೋಡ್ಸಿ, ಯುಎಸ್‌ಬಿಯ 5 ವೋಲ್ಟ್ ಕೊಟ್ಟು, ನಡುವೆ 33 ಓಮ್‌ದೊಂದು ರೆಸಿಸ್ಟರ್ ಹಾಕಿ, ಹೆಡ್‌ಫೋನ್ ಪಕ್ಕಕ್ಕೆ ಸಿಗಿಸಿದ್ರೆ ಆಯ್ತು. ಹಳೇ ಪಿಎಸ್3 ಐ ಕ್ಯಾಮೆರಾ ಸಿಕ್ರೆ ಅದ್ರೊಳಗಿನ ಐಆರ್ ತಡೆಯೋ ಗಾಜು ತೆಗೆದು, ಆ ಜಾಗಕ್ಕೆ ಬೆಳಕಿಗೆ ಒಡ್ಡಿ ಡೆವಲಪ್ ಮಾಡಿ ಕಪ್ಪಾದ ಕಲರ್ ಫೋಟೋ ನೆಗೆಟಿವ್ ಚೂರು ಹಾಕಿದ್ರೆ, ಅದಕ್ಕೆ ಎಲ್‌ಇಡಿ ಮೂರು ಚುಕ್ಕಿ ಬಿಟ್ಟು ಬೇರೇನೂ ಕಾಣಲ್ಲ, ಟ್ರ್ಯಾಕಿಂಗ್ ಕಲ್ಲು ಕೂತಂಗೆ ಕೂರತ್ತೆ. ಬಿಸಿಲು ಬೀಳೋ ರೂಮಾದ್ರೆ ಪರದೆ ಎಳೀರಿ, ಸೂರ್ಯನ ಬೆಳಕಲ್ಲೂ ಐಆರ್ ಇರತ್ತೆ.

ವಿಆರ್ ಬಗ್ಗೆ ಕೇಳೋವ್ರಿಗೆ, ಹೌದು, ಕಾಕ್‌ಪಿಟ್‌ನೊಳಗೇ ಕೂತ ಅನುಭವ ಅದ್ರಲ್ಲೇ ಸಿಗೋದು. ಆದ್ರೆ ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ದೊಡ್ದು ಬೇಕು, ಏಪ್ರಿಲ್ ಸೆಕೆಲಿ ಮುಖಕ್ಕೆ ಅದನ್ನ ಕಟ್ಕೊಂಡು ಗಂಟೆಗಟ್ಲೆ ಕೂರೋದು ಕಷ್ಟ, ಸೆಕೆಂಡ್ ಹ್ಯಾಂಡ್ ಸಿಗ್ತು ಅಂತ ವಿಂಡೋಸ್ ಮಿಕ್ಸ್ಡ್ ರಿಯಾಲಿಟಿ ಹೆಡ್‌ಸೆಟ್ ತಗೋಬೇಡಿ, ವಿಂಡೋಸ್ 11ರ 24ಎಚ್2 ಅಪ್‌ಡೇಟಿಂದ ಅದಕ್ಕೆ ಸಪೋರ್ಟೇ ತೆಗೆದುಬಿಟ್ಟಿದಾರೆ.

ಮೂರ್ನೇ ಹೆಜ್ಜೆ: ಸ್ಟಿಕ್ಕು, ಅದಕ್ಕಿಂತ ಮುಖ್ಯವಾಗಿ ಅದನ್ನ ಕೂರ್ಸೋ ಜಾಗ

ಶುರು ಮಾಡೋವ್ರಿಗೆ ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೋ ಅಥ್ವಾ ಥ್ರಸ್ಟ್‌ಮಾಸ್ಟರ್ ಟಿ.16000ಎಂ ಸಾಕು, ಎರಡೂ ನಮ್ಮಲ್ಲೇ ಸಿಗತ್ತೆ. ಸ್ಟಿಕ್ ತಗೊಳ್ಳೋವಾಗ ಒಳಗೆ ಯಾವ ಸೆನ್ಸರ್ ಇದೆ ಅಂತ ಕೇಳಿ. ಪೊಟೆನ್ಶಿಯೋಮೀಟರ್ ಅಂದ್ರೆ ಕಾರ್ಬನ್ ಪಟ್ಟಿ ಮೇಲೆ ಒಂದು ಕಡ್ಡಿ ಉಜ್ಜೋದು, ಉಜ್ಜಿ ಉಜ್ಜಿ ಸವೆಯತ್ತೆ, ಮೇಲಿಂದ ನಮ್ಮೂರ ಧೂಳು ಬೇರೆ, ಸ್ವಲ್ಪ ದಿನಕ್ಕೆ ಕೈ ಸುಮ್ನಿದ್ರೂ ವಿಮಾನ ಪಟಕ್ ಪಟಕ್ ಅಂತ ನಡುಗತ್ತೆ. ಹಾಲ್ ಸೆನ್ಸರ್ ಅಂದ್ರೆ ಅಯಸ್ಕಾಂತ, ಮುಟ್ಟೋದೇ ಇಲ್ಲ, ಸವೆಯೋ ಮಾತೇ ಇಲ್ಲ. ಟಿ.16000ಎಂನಲ್ಲಿ ಸ್ಟಿಕ್ ಎರಡೂ ಆಕ್ಸಿಸ್‌ಗೆ ಹಾಲ್ ಇದೆ, ಸ್ಟಿಕ್ ತಿರುಚೋ ಟ್ವಿಸ್ಟ್‌ಗೆ ಮಾತ್ರ ಪೊಟೆನ್ಶಿಯೋಮೀಟರ್, ಹಂಗಾಗಿ ಮೊದಲು ಹಾಳಾಗೋದು ಟ್ವಿಸ್ಟೇ. ಸೆಕೆಂಡ್ ಹ್ಯಾಂಡ್ ತಗೊಳ್ಳೋವ್ರು ರನ್ ಬಾಕ್ಸ್‌ನಲ್ಲಿ ಜಾಯ್ ಡಾಟ್ ಸಿಪಿಎಲ್ ಅಂತ ಇಂಗ್ಲಿಷಲ್ಲಿ ಹೊಡ್ದು, ಸ್ಟಿಕ್‌ನ ನಿಧಾನಕ್ಕೆ ಆ ತುದಿಯಿಂದ ಈ ತುದಿಗೆ ತಂದು ನೋಡಿ, ಗುರುತು ನಡುವೆ ಎಲ್ಲಾದ್ರೂ ಹಾರಿದ್ರೆ ಬೇಡ ಅನ್ನಿ.

ಸ್ವಲ್ಪ ಜಾಸ್ತಿ ಹಾಕೋವ್ರಿಗೆ ವಿಕೆಬಿ ಗ್ಲಾಡಿಯೇಟರ್ ಎನ್‌ಎಕ್ಸ್‌ಟಿ ಇವೋ ಇದೆ, ಆ ದುಡ್ಡಿಗೆ ಅದ್ರಷ್ಟು ನಯವಾದ ಸ್ಟಿಕ್ ಇನ್ನೊಂದಿಲ್ಲ ಅಂತ ನನ್ ಅಭಿಪ್ರಾಯ. ಥ್ರಸ್ಟ್‌ಮಾಸ್ಟರ್ ವಾರ್ಟ್‌ಹಾಗ್ ಎ-10ಸಿ ವಿಮಾನದ್ದರ ನಕಲು, ಪೂರ್ತಿ ಲೋಹ, ನೋಡೋಕೆ ಬಲು ಚೆಂದ, ಆದ್ರೆ ಸ್ಪ್ರಿಂಗ್ ಗಟ್ಟಿ, ನಡು ಹತ್ರ ಸಣ್ಣ ಸಣ್ಣ ತಿದ್ದುಪಡಿ ಮಾಡೋವಾಗ ಅಂಟ್ಕೊಂಡಂಗೆ ಆಗತ್ತೆ, ಅದಕ್ಕೆ ಗ್ರೀಸ್ ಬದಲಾಯ್ಸೋರು ತುಂಬಾ ಜನ ಇದಾರೆ. ಮಿಗ್-21ಗೇ ಅಂತ ಮಾಡೋ ಹುಚ್ಚಿದ್ರೆ ವಿಕೆಬಿಯ ಎಂಸಿಜಿ ಪ್ರೋ ಗ್ರಿಪ್ ನೋಡಿ, ಅದ್ರಲ್ಲಿ ಬೆರಳಿಗೆ ಸಿಗೋಹಂಗೆ ಬ್ರೇಕ್ ಲಿವರ್ ಇದೆ, ಒತ್ತಿದಷ್ಟು ಹಿಡಿಯತ್ತೆ. ಅದ್ಯಾಕೆ ಬೇಕು ಅಂತ ಪೆಡಲ್ ವಿಷ್ಯದಲ್ಲಿ ಹೇಳ್ತೀನಿ. ಹೊರಗಿಂದ ತರ್ಸೋ ಯಾವ್ದಕ್ಕೇ ಆಗ್ಲಿ, ವಸ್ತು ಬೆಲೆ ಮೇಲೆ ಶಿಪ್ಪಿಂಗು, ಡ್ಯೂಟಿ, ಜಿಎಸ್‌ಟಿ, ಕೊರಿಯರ್‌ನವರ ಚಾರ್ಜು ಎಲ್ಲಾ ಸೇರಿಸಿ ಲೆಕ್ಕ ಹಾಕಿ, ಕೆಟ್ರೆ ಬಿಡಿಭಾಗ ಎಲ್ಲಿಂದ ಬರತ್ತೆ ಅಂತಾನೂ ಕೇಳ್ಕೊಳ್ಳಿ.

ಈಗ ಅಸಲಿ ವಿಷ್ಯ. ಎಫ್-16, ರಫೇಲ್‌ನಲ್ಲಿ ಸ್ಟಿಕ್ ಬಲಗೈ ಪಕ್ಕದಲ್ಲಿರತ್ತೆ, ಎಫ್-16ದಂತೂ ಮೊದ್ಲಲ್ಲಿ ಅಲುಗಾಡ್ತಾನೇ ಇರ್ಲಿಲ್ಲ, ಒತ್ತಡ ಮಾತ್ರ ಅಳೀತಿತ್ತು. ಮಿಗ್-21, ಮಿರಾಜ್, ಸುಖೋಯ್, ನಮ್ಮ ತೇಜಸ್, ಇವೆಲ್ಲಾ ಎರಡು ಕಾಲಿನ ನಡುವೆ ಸ್ಟಿಕ್ ಇರೋವು. ಮಿಗ್-21ನ ಸ್ಟಿಕ್ ನೆಲದಿಂದ ಬಂದಿರೋ ಉದ್ದದ ಕೋಲು. ಟೇಬಲ್ ಮೇಲಿಡೋ ಸ್ಟಿಕ್‌ನಲ್ಲಿ ಕೈಗೂ ತಿರುಗೋ ಕೀಲಿಗೂ 20 ಸೆಂಟಿಮೀಟರ್ ಇದ್ರೆ 20 ಡಿಗ್ರಿ ಬಗ್ಗಿಸೋಕೆ ಕೈ ಹೋಗೋದು 7 ಸೆಂಟಿಮೀಟರ್ ಅಷ್ಟೇ, ಅದೇ 40 ಸೆಂಟಿಮೀಟರ್ ಉದ್ದ ಇದ್ರೆ ಅದೇ 20 ಡಿಗ್ರಿಗೆ 14 ಸೆಂಟಿಮೀಟರ್ ಹತ್ರ ಸಿಗತ್ತೆ. ಕೈಗೆ ಜಾಗ ದುಪ್ಪಟ್ಟು ಸಿಕ್ತು ಅಂದ್ರೆ ಗುರಿ ಇಡೋವಾಗ ತಪ್ಪೂ ಅರ್ಧ ಆಗತ್ತೆ. ಇದಕ್ಕೇ ವಿಕೆಬಿ, ವಿರ್ಪಿಲ್‌ನವರು ಎಕ್ಸ್‌ಟೆನ್ಶನ್ ಕೊಳವೆ ಮಾರೋದು, ಇದಕ್ಕೇ ನಾನು ಗ್ರಿಪ್ಪಿಗಿಂತ ಮೌಂಟ್ ಮುಖ್ಯ ಅಂತ ಹೇಳ್ತಾ ಇರೋದು.

ಎಕ್ಸ್‌ಟೆನ್ಶನ್ ಇಲ್ದಿದ್ರೂ ಸ್ಟಿಕ್‌ನ ಟೇಬಲ್ ಮೇಲಿಂದ ಇಳಿಸಿ ಕಾಲಿನ ನಡುವೆ ತನ್ನಿ, ಅರ್ಧ ಸಮಸ್ಯೆ ಅಲ್ಲೇ ತೀರತ್ತೆ. ಅಳತೆ ಹಿಂಗ್ ತಗೊಳ್ಳಿ: ನೀವು ದಿನಾ ಕೂರೋ ಕುರ್ಚೀಲಿ ಕೂತು, ಬಲ ಮುಂಗೈನ ತೊಡೆ ಮೇಲೆ ಸಡ್ಲ ಬಿಟ್ಟು, ಮುಷ್ಟಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಮನೇವ್ರ ಕೈಯಲ್ಲಿ ಟೇಪ್ ಹಿಡಿಸಿ. ಗ್ರಿಪ್ ಅಲ್ಲಿಗೇ ಬರ್ಬೇಕು. ಆ ಎತ್ತರದಿಂದ ಸ್ಟಿಕ್‌ನ ಎತ್ತರ ಕಳೆದ್ರೆ ಸ್ಟ್ಯಾಂಡ್ ಎತ್ತರ ಸಿಗ್ತು. ಬೀದಿ ಕೊನೇಲಿರೋ ವೆಲ್ಡಿಂಗ್ ಶಾಪ್‌ಗೆ ಹೋಗಿ ಸ್ಕ್ವೇರ್ ಪೈಪಲ್ಲಿ ಅಡಿಗೆ ಅಗಲವಾದ ಎಚ್ ಆಕಾರ, ನಡುವೆ ಒಂದು ಕಂಬ, ಮೇಲೆ ಒಂದು ಪ್ಲೇಟು ಅಂತ ಹೇಳಿ, ಸ್ಟಿಕ್ ಕೆಳಗಿನ ತೂತಿನ ಗುರುತನ್ನ ರಟ್ಟಿನ ಮೇಲೆ ಬರ್ಕೊಂಡು ಹೋಗಿ ಕೊಟ್ರೆ ಪ್ಲೇಟಿಗೆ ಡ್ರಿಲ್ ಹೊಡ್ದು ಕೊಡ್ತಾರೆ. ಎತ್ತರ ಒಂದಿಷ್ಟು ಏರ್ಸಿ ಇಳ್ಸೋಹಂಗೆ ಕಂಬನ ಪೈಪೊಳಗೆ ಪೈಪ್ ಮಾಡ್ಸಿ ಬೋಲ್ಟ್ ಇಡ್ಸಿ, ಈ ಒಂದು ವಿಷ್ಯಕ್ಕೆ ಆಮೇಲೆ ನೀವೇ ಖುಷಿ ಪಡ್ತೀರ. ಬಾಡಿಗೆ ಮನೇಲಿ ಜಾಗ ಇಲ್ದವ್ರು ಒಂದು ಪ್ಲೈವುಡ್ ಹಲಗೆ ಮೇಲೆ ಸ್ಟಿಕ್ ಕೂರ್ಸಿ, ಆ ಹಲಗೆನ ಕುರ್ಚಿ ಮುಂಭಾಗಕ್ಕೆ ಸಿ ಕ್ಲಾಂಪ್ ಹಾಕಿ ಬಿಗಿದ್ರೂ ಕೆಲ್ಸ ಆಗತ್ತೆ, ಮುಗಿದ್ಮೇಲೆ ಬಿಚ್ಚಿ ಮಂಚದ ಕೆಳಗೆ ತಳ್ಳಿ.

ನಾಲ್ಕ್ನೇ ಹೆಜ್ಜೆ: ಪೆಡಲ್

ಫ್ಲೈ ಬೈ ವೈರ್, ಅಂದ್ರೆ ಪೈಲಟ್‌ಗೂ ರೆಕ್ಕೆಗೂ ನಡುವೆ ಕಂಪ್ಯೂಟರ್ ಇರೋ ವಿಮಾನ ಹಾರ್ಸಿ ಬಂದವ್ರಿಗೆ ಪೆಡಲ್ ಯಾಕೆ ಅನ್ನಿಸ್ಬಹುದು, ಎಫ್-16ನಲ್ಲಿ ಗಾಳೀಲಿದ್ದಾಗ ಕಾಲು ಸುಮ್ನೇ ಇಟ್ರೂ ನಡಿಯತ್ತೆ, ಕಂಪ್ಯೂಟರ್ ನೋಡ್ಕೊಳ್ಳತ್ತೆ. ಮಿಗ್-21ನಲ್ಲಿ ಆ ಕಂಪ್ಯೂಟರ್ ಇಲ್ಲ. ಜೋರಾಗಿ ಸ್ಟಿಕ್ ಎಳೆದು ಮೂತಿ ಎತ್ಕೊಂಡಿರೋವಾಗ ಏಲರಾನ್ ಕೊಟ್ರೆ, ಅಂದ್ರೆ ಸ್ಟಿಕ್‌ನ ಪಕ್ಕಕ್ಕೆ ತಳ್ಳಿದ್ರೆ, ವಿಮಾನ ಹೊರಳೋ ಬದ್ಲು ಮೂತಿ ಆಕಡೆ ಹೋಗಿ ಕೈ ಮೀರತ್ತೆ, ಆಗ ಸ್ಟಿಕ್‌ನ ಪಕ್ಕಕ್ಕೆ ಅಲ್ಲಾಡಿಸ್ದೆ ಪೆಡಲ್ ಒತ್ತಿ ಬಾಲದ ರಡ್ಡರ್ ತಿರುಗಿಸಿ ಹೊರಳಿಸ್ಬೇಕು. ಟ್ವಿಸ್ಟ್ ಸ್ಟಿಕ್‌ನಲ್ಲಿ ಒಂದೇ ಮಣಿಕಟ್ಟು ಎಳೀಬೇಕು, ತಿರುಚ್ಬೇಕು, ಪಕ್ಕಕ್ಕೂ ಹೋಗ್ಬಾರ್ದು, ಇದು ಆಗೋ ಮಾತಲ್ಲ. ಪೆಡಲ್ ಬಂದ್ಮೇಲೆ ಮಿಗ್-21 ಬೇರೇನೇ ವಿಮಾನ.

ಇನ್ನೊಂದು, ಇದ್ರಲ್ಲಿ ನೆಲದ ಮೇಲೆ ತಿರುಗಿಸೋದು ಪಾಶ್ಚಾತ್ಯ ವಿಮಾನಗಳ ಥರ ಅಲ್ಲ. ಮೂತಿ ಚಕ್ರ ತಾನಾಗಿ ತಿರುಗೋ ಸ್ಟಿಯರಿಂಗ್ ಇಲ್ಲ, ಪೆಡಲ್ ತುದೀಲಿ ಬ್ರೇಕೂ ಇಲ್ಲ. ಬ್ರೇಕ್ ಇರೋದು ಸ್ಟಿಕ್ ಮೇಲಿನ ಲಿವರ್‌ನಲ್ಲಿ, ಅದನ್ನ ಹಿಡ್ಕೊಂಡು ಎಡ ಪೆಡಲ್ ಒತ್ತಿದ್ರೆ ಎಡ ಚಕ್ರಕ್ಕೆ ಬ್ರೇಕ್ ಬಿದ್ದು ವಿಮಾನ ಎಡಕ್ಕೆ ತಿರುಗತ್ತೆ. ಬ್ರೇಕ್ ನಡೆಯೋದು ಬಾಟಲೀಲಿ ತುಂಬಿರೋ ಗಾಳಿ ಒತ್ತಡದಲ್ಲಿ, ಸುಮ್ಸುಮ್ನೆ ಒತ್ತಾ ಕೂತ್ರೆ ಗಾಳಿ ಖಾಲಿ. ಇದ್ರಿಂದ ನಿಮಗೊಂದು ಲಾಭ ಇದೆ ನೋಡಿ, ಟೋ ಬ್ರೇಕ್ ಇಲ್ದಿರೋ ಅಗ್ಗದ ಪೆಡಲ್ ಸಾಕಾಗತ್ತೆ, ಒಂದೇ ಆಕ್ಸಿಸ್. ಸ್ಟಿಕ್‌ನಲ್ಲಿ ಕಿರುಬೆರಳಿಗೆ ಸಿಗೋ ಬಟನ್‌ನ ಬ್ರೇಕ್‌ಗೆ ಕೊಡಿ.

ಅದಕ್ಕೇ ಮನೇಲೇ ಪೆಡಲ್ ಮಾಡೋಕೆ ಮಿಗ್-21 ಹೇಳಿ ಮಾಡ್ಸಿದ್ದು. ಮರದ ಅಡ್ಡಪಟ್ಟಿ, ನಡುವೆ ಬೇರಿಂಗ್ ಮೇಲೆ ತಿರುಗೋಹಂಗೆ, ಎರಡೂ ಕಡೆ ಸ್ಪ್ರಿಂಗು, ತಿರುಗೋ ನಡುಗಂಬದ ತುದೀಲಿ ಪುಟ್ಟ ಅಯಸ್ಕಾಂತ, ಎದುರಿಗೆ 49ಇ ಲೀನಿಯರ್ ಹಾಲ್ ಸೆನ್ಸರ್, ಅದ್ರ ಮೂರು ವೈರು ಆರ್ಡುಯಿನೋ ಪ್ರೋ ಮೈಕ್ರೋಗೆ. ಪ್ರೋ ಮೈಕ್ರೋನೇ ತಗೊಳ್ಳಿ, ಅದು ವಿಂಡೋಸ್‌ಗೆ ನೇರ ಜಾಯ್‌ಸ್ಟಿಕ್ ಅಂತಾನೇ ಕಾಣತ್ತೆ, ಯೂನೋ ಹಂಗೆ ಕಾಣಲ್ಲ. ಅದೇ ಬೋರ್ಡಿಗೆ ಉಳಿದ ಪಿನ್‌ಗಳಲ್ಲಿ ಟಾಗಲ್ ಸ್ವಿಚ್ ಹಾಕಿ ಗೇರು, ಫ್ಲಾಪು, ಇಳಿದ್ಮೇಲೆ ವೇಗ ತಗ್ಗಿಸೋ ಪ್ಯಾರಾಚೂಟ್ ಆದ ಡ್ರ್ಯಾಗ್ ಶೂಟ್‌ಗೆ ಒಂದು ಸ್ವಿಚ್ ಪೆಟ್ಟಿಗೆನೂ ಮಾಡ್ಕೋಬಹುದು, ಮಿಗ್-21 ಕಾಕ್‌ಪಿಟ್ ತುಂಬಾ ಟಾಗಲ್ ಸ್ವಿಚ್ಚೇ ಇರೋದ್ರಿಂದ ಕೈಗೆ ಅದೇ ಅನುಭವ ಬರತ್ತೆ. ಕೊಳ್ಳೋವ್ರಿಗೆ ಥ್ರಸ್ಟ್‌ಮಾಸ್ಟರ್ ಟಿಎಫ್‌ಆರ್‌ಪಿ ಇದೆ, ಕಾಲು ಎರಡೂ ತೀರಾ ಹತ್ರ ಬರತ್ತೆ ಅನ್ನೋದೊಂದೇ ಕೊರತೆ. ಕ್ರೊಯೇಷಿಯಾದ ಎಂಎಫ್‌ಜಿ ಕ್ರಾಸ್‌ವಿಂಡ್ ತಗೊಂಡವ್ರು ಮತ್ತೆ ಪೆಡಲ್ ಬದಲಾಯ್ಸೋ ಮಾತೇ ಆಡಲ್ಲ.

ಯಾವ ಪೆಡಲ್ ಆದ್ರೂ ಒತ್ತಿದಾಗ ಗಾಲಿ ಕುರ್ಚಿ ಹಿಂದಕ್ಕೆ ಹೋಗತ್ತೆ. ಕುರ್ಚಿ ಗಾಲಿ ಕಿತ್ತು ಬುಷ್ ಹಾಕಿ, ಅಥ್ವಾ ಪೆಡಲ್‌ಗೂ ಕುರ್ಚಿ ಕಂಬಕ್ಕೂ ಒಂದು ಗಟ್ಟಿ ಲಗೇಜ್ ಬೆಲ್ಟ್ ಬಿಗೀರಿ.

ಥ್ರಾಟಲ್‌ಗೆ ಅವಸರ ಬೇಡ

ಮಿಗ್-21ಗೆ ಒಂದೇ ಇಂಜಿನ್, ನಮ್ಮಲ್ಲಿ ಅದೇ ಆರ್-25 ಒಡಿಶಾದ ಕೋರಾಪುಟ್‌ನಲ್ಲಿ ತಯಾರಾಗ್ತಿತ್ತು. ಥ್ರಾಟಲ್ ತಳ್ಳಿದ ತಕ್ಷಣ ಶಕ್ತಿ ಬರಲ್ಲ, ಆರ್‌ಪಿಎಂ ಏರೋಕೆ ಟೈಮ್ ತಗೊಳ್ಳತ್ತೆ. ಅದಕ್ಕೆ ಸ್ಟಿಕ್ ಮೇಲಿರೋ ಪುಟ್ಟ ಸ್ಲೈಡರಲ್ಲೇ ತಿಂಗಳುಗಟ್ಲೆ ಹಾರ್ಸಬಹುದು. ಗಮನ ಇಡ್ಬೇಕಾದ್ದು ಲ್ಯಾಂಡಿಂಗ್‌ನಲ್ಲಿ: ಫ್ಲಾಪ್ ಪೂರ್ತಿ ಇಳ್ಸಿದಾಗ ಎಸ್‌ಪಿಎಸ್ ಅನ್ನೋ ವ್ಯವಸ್ಥೆ ಇಂಜಿನ್‌ನಿಂದ ಗಾಳಿ ತಗೊಂಡು ಫ್ಲಾಪ್ ಮೇಲೆ ಊದತ್ತೆ, ಹಂಗಾಗಿ ರನ್‌ವೇ ಬಂತು ಅಂತ ಥ್ರಾಟಲ್ ಪೂರ್ತಿ ಎಳೆದ್ರೆ ಆ ಗಾಳಿ ನಿಂತು ವಿಮಾನ ಧೊಪ್ ಅಂತ ಕೂರತ್ತೆ. ಚಕ್ರ ಮುಟ್ಟೋವರ್ಗೂ ಆರ್‌ಪಿಎಂ ಉಳಿಸ್ಕೋಬೇಕು. ಸ್ಲೈಡರ್ ತೀರಾ ಸಡ್ಲ ಇದ್ರೆ ಇದು ಕಷ್ಟ, ಆಗ ಟಿಡಬ್ಲ್ಯೂಸಿಎಸ್ ಥರದ ಉದ್ದಕ್ಕೆ ಜಾರೋ ಥ್ರಾಟಲ್ ತಗೊಳ್ಳಿ. ಎರಡು ಲಿವರ್ ಇರೋ ದುಬಾರಿ ಥ್ರಾಟಲ್ ಮುಂದೆ ಎಫ್/ಎ-18, ಮಿಗ್-29 ಕಡೆ ಹೋಗೋವಾಗ ಯೋಚ್ನೆ ಮಾಡಿದ್ರಾಯ್ತು.

ಎಲ್ಲಾ ಜೋಡಿಸಿದ್ಮೇಲೆ: ಬೈಂಡಿಂಗ್ ಮತ್ತೆ ಯುಎಸ್‌ಬಿ

ಬೈಂಡಿಂಗ್ ಅಂದ್ರೆ ಯಾವ ಬಟನ್‌ಗೆ, ಯಾವ ಆಕ್ಸಿಸ್‌ಗೆ ಯಾವ ಕೆಲ್ಸ ಅಂತ ಹಂಚೋದು. ಹೊಸಬ್ರು ಹಾರ್ಡ್‌ವೇರ್ ಕೆಟ್ಟಿದೆ ಅಂತ ವಾಪಸ್ ಕಳ್ಸೋದ್ರಲ್ಲಿ ಎಷ್ಟೋ ಸಲ ತಪ್ಪು ಇಲ್ಲಿರತ್ತೆ. ಡಿಸಿಎಸ್‌ಗೆ ಹೊಸ ಡಿವೈಸ್ ಸಿಕ್ಕಿದ್ ಕೂಡ್ಲೇ ತಾನೇ ಎಲ್ಲಾ ಆಕ್ಸಿಸ್ ಹಂಚ್ಬಿಡತ್ತೆ, ಪೆಡಲ್ಲೂ ಪಿಚ್ (ಮೂತಿ ಏರ್ಸೋದು ಇಳ್ಸೋದು), ಥ್ರಾಟಲ್ಲೂ ಪಿಚ್, ಸ್ಟಿಕ್ಕೂ ಪಿಚ್. ಕಂಟ್ರೋಲ್ಸ್‌ಗೆ ಹೋಗಿ, ವಿಮಾನ ಆರಿಸಿ, ಆಕ್ಸಿಸ್ ಕಮಾಂಡ್ಸ್ ತೆಗೆದು, ಒಂದೊಂದು ಸಾಲಲ್ಲೂ ಒಂದೇ ಡಿವೈಸ್ ಉಳಿಯೋಹಂಗೆ ಬಾಕಿದೆಲ್ಲಾ ಅಳಿಸಿ. ಥ್ರಾಟಲ್ ತಿರುಗಾಮುರುಗಾ ಆಗಿದ್ರೆ ಆಕ್ಸಿಸ್ ಟ್ಯೂನ್‌ನಲ್ಲಿ ಇನ್ವರ್ಟ್, ಜೊತೆಗೆ ಸ್ಲೈಡರ್ ಅನ್ನೋದಕ್ಕೂ ಟಿಕ್ ಹಾಕಿ. ಕರ್ವ್ ವಿಷ್ಯದಲ್ಲಿ ಟೇಬಲ್ ಎತ್ತರದ ಚಿಕ್ಕ ಸ್ಟಿಕ್‌ಗೆ ಪಿಚ್‌ನಲ್ಲಿ 15ರಿಂದ 20, ಎಕ್ಸ್‌ಟೆನ್ಶನ್ ಇರೋದಕ್ಕೆ 10ರ ಒಳಗೆ. ಮಿಗ್-21ನಲ್ಲಿ ಎಆರ್‌ಯು ಅಂತ ಒಂದು ಯಂತ್ರ ಇದೆ, ವೇಗ ಏರಿದಂಗೆ ಸ್ಟಿಕ್ ಎಳೆತಕ್ಕೆ ಬಾಲದ ರೆಕ್ಕೆ ತಿರುಗೋದನ್ನ ಅದೇ ಕಡಿಮೆ ಮಾಡತ್ತೆ, ಅದಕ್ಕೇ ಕಡಿದಾದ ಕರ್ವ್ ಹಾಕಿ ಮೇಲಿಂದ ಮೇಲೆ ಮೆತ್ತಗೆ ಮಾಡ್ಬೇಡಿ. ಡೆಡ್‌ಝೋನ್, ಅಂದ್ರೆ ನಡುವೆ ಸ್ಟಿಕ್ ಅಲುಗಾಡಿದ್ರೂ ಲೆಕ್ಕಕ್ಕೆ ಬರದ ಜಾಗ, ಹಾಲ್ ಸೆನ್ಸರ್‌ಗೆ ಸೊನ್ನೆ. ಟ್ರಿಮ್, ಅಂದ್ರೆ ಸ್ಟಿಕ್ ಹಿಡೀದೇ ವಿಮಾನ ನೇರ ಹೋಗೋಹಂಗೆ ಹೊಂದ್ಸೋದು, ಇದ್ರಲ್ಲಿ ಪಿಚ್‌ಗೆ ಮಾತ್ರ, ಹೆಬ್ಬೆರಳಿನ ಹ್ಯಾಟ್‌ಗೆ ಕೊಡಿ. ಇಂಜಿನ್ ಸ್ಟಾರ್ಟ್ ಮಾಡೋವಾಗ ಥ್ರಾಟಲ್‌ನ ಕಟಾಫ್‌ನಿಂದ ಐಡಲ್‌ಗೆ ತರೋಕೆ ಬೇರೆ ಕಮಾಂಡ್ ಇದೆ, ಅದಕ್ಕೂ ಒಂದು ಬಟನ್. ರಷ್ಯನ್ ಅಕ್ಷರ ಓದೋಕಾಗ್ದಿದ್ರೆ ಸ್ಪೆಷಲ್ ಆಪ್ಶನ್ಸ್‌ನಲ್ಲಿ ಇಂಗ್ಲಿಷ್ ಕಾಕ್‌ಪಿಟ್ ಸಿಗತ್ತೆ.

ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ಗಳ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಪವರ್ ಉಳಿಸೋಕೆ ಆಫ್ ಮಾಡೋ ಟಿಕ್ ತೆಗೀರಿ, ಇಲ್ದಿದ್ರೆ ಹಾರ್ತಾ ಹಾರ್ತಾ ಪೆಡಲ್ ಮಲಗತ್ತೆ. ಮೂರಕ್ಕಿಂತ ಜಾಸ್ತಿ ಡಿವೈಸ್ ಇದ್ರೆ ಸ್ವಂತ ಅಡಾಪ್ಟರ್ ಇರೋ ಹಬ್ ತಗೊಳ್ಳಿ. ಯಾವ ಪೋರ್ಟ್‌ಗೆ ಯಾವ್ದು ಅಂತ ಸ್ಟಿಕರ್ ಅಂಟಿಸಿ, ಪೋರ್ಟ್ ಬದಲಾದ್ರೆ ಕೆಲವೊಮ್ಮೆ ಹೊಸ ಡಿವೈಸ್ ಅಂದ್ಕೊಂಡು ಬೈಂಡಿಂಗ್ ಹೋಗತ್ತೆ. ಸೇವ್ಡ್ ಗೇಮ್ಸ್ ಒಳಗೆ ಡಿಸಿಎಸ್, ಅದ್ರೊಳಗೆ ಕಾನ್ಫಿಗ್, ಅದ್ರೊಳಗಿನ ಇನ್‌ಪುಟ್ ಫೋಲ್ಡರ್‌ನ ಬೇರೆ ಕಡೆ ಕಾಪಿ ಮಾಡಿ ಇಡಿ. ಕರೆಂಟ್ ಹೋಗೋ ಊರಲ್ಲಿದ್ರೆ ಯುಪಿಎಸ್ ಇಲ್ದೆ ಆನ್‌ಲೈನ್ ಮಿಷನ್‌ಗೆ ಹೋಗ್ಬೇಡಿ, ನಿಮ್ಮ ಜೊತೆ ಹಾರ್ತಿರೋ ವಿಂಗ್‌ಮನ್ ಒಂಟಿ ಆಗ್ತಾನೆ.

ನಿಜವಾದ್ದನ್ನ ನೋಡಿ ಬನ್ನಿ

ಕಾಕ್‌ಪಿಟ್ ಅಳತೆ ಮಾಡೋಕ್ ಮುಂಚೆ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆ ಕಡೆಯ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ಒಂದ್ಸಲ ಹೋಗಿ. ಅಲ್ಲಿ ಮಿಗ್-21 ನಿಂತಿದೆ, ಕರ್ಟ್ ಟ್ಯಾಂಕ್ ವಿನ್ಯಾಸ ಮಾಡಿ 1961ರಲ್ಲಿ ಇದೇ ಬೆಂಗಳೂರಲ್ಲಿ ಮೊದಲು ಹಾರಿದ ಮರುತ್ ಕೂಡ ಇದೆ. ಮಿಗ್ ಪಕ್ಕ ನಿಂತ್ರೆ ಅದು ಎಷ್ಟು ಸಣ್ಣದು, ಕ್ಯಾನೋಪಿ ಎಷ್ಟು ಇಕ್ಕಟ್ಟು ಅಂತ ಕಣ್ಣಿಗೇ ಗೊತ್ತಾಗತ್ತೆ, ಆಮೇಲೆ ನೀವು ಸ್ವಿಚ್ ಪೆಟ್ಟಿಗೆಗಳನ್ನ ಅಗಲಕ್ಕೆ ಹರಡದೆ ಮೊಣಕಾಲು ಹತ್ರಾನೇ ಜೋಡ್ಸ್ತೀರ. ಯಲಹಂಕದ ಏರೋ ಇಂಡಿಯಾ ಎರಡು ವರ್ಷಕ್ಕೊಮ್ಮೆ ಬರತ್ತೆ, ಅಲ್ಲಿ ಶೋ ಟೈಮಲ್ಲಿ ಬೇಕಾದಷ್ಟು ಫೋಟೋ ತೆಗೀರಿ, ಬೇರೆ ದಿನ ವಾಯುಪಡೆ ಸ್ಟೇಷನ್ ಕಾಂಪೌಂಡ್ ಪಕ್ಕ ಲೆನ್ಸ್ ತಿರುಗಿಸ್ಬೇಡಿ. ಆನ್‌ಲೈನ್ ಮಾತುಕತೇಲೂ ಅಷ್ಟೇ, ವಾದ ಗೆಲ್ಲೋಕೆ ಅಂತ ಎಲ್ಲಿಂದಲೋ ಸಿಕ್ಕ ಮ್ಯಾನುಯಲ್ ಹಂಚೋದು ತುಂಬಾ ಅಪಾಯ. ಎಫ್-16 ಮ್ಯಾನುಯಲ್ ವಿಚಾರಕ್ಕೆ ಒಬ್ಬ ಸಿಮ್ ಡೆವಲಪರ್ 2019ರಲ್ಲಿ ಅಮೆರಿಕದ ಕೋರ್ಟ್ ಮೆಟ್ಟಿಲು ಹತ್ಬೇಕಾಯ್ತು. ನಮ್ಮಲ್ಲಿ ಅಣ್ಣಂದ್ರು, ಚಿಕ್ಕಪ್ಪಂದ್ರು ವಾಯುಪಡೇಲೋ ಎಚ್‌ಎಎಲ್‌ನಲ್ಲೋ ಇರೋ ಮನೆ ತುಂಬಾ ಇವೆ, ಅವ್ರು ಊಟಕ್ಕೆ ಕೂತಾಗ ಹೇಳಿದ್ದು ಊಟದ ಮನೇಲೇ ಇರ್ಲಿ.

ಮೊದಲ ದಿನಗಳಲ್ಲಿ ಏನ್ ಮಾಡ್ಬೇಕು

ಗಾಳೀಲಿ ಶುರುವಾಗೋ ಮಿಷನ್ ಹಾಕ್ಕೊಂಡು 3000 ಮೀಟರ್ ಎತ್ತರದಲ್ಲಿ ಗಂಟೆಗೆ 600 ಕಿಲೋಮೀಟರ್‌ನಲ್ಲಿ ಕೈ ಬಿಟ್ಟು ಹಾರೋಹಂಗೆ ಟ್ರಿಮ್ ಮಾಡೋದು ಕಲೀರಿ. ಅದು ಬಂದ್ಮೇಲೆ ಸ್ಟಿಕ್ ಎಳೆದು ಹಿಡಿದು ಬರೀ ಪೆಡಲಲ್ಲಿ ಎಡಕ್ಕೂ ಬಲಕ್ಕೂ ಹೊರಳಿಸಿ ನೋಡಿ, ಪೆಡಲ್ ಸ್ಪ್ರಿಂಗ್ ಗಟ್ಟಿ ಇದ್ಯೋ ಸಡ್ಲ ಇದ್ಯೋ ಅಂತ ಅಲ್ಲೇ ತಿಳಿಯತ್ತೆ. ಆಮೇಲೆ ಇನ್ನೊಂದು ವಿಮಾನ ನೇರ ಹೋಗೋಹಂಗೆ ಇಟ್ಟು ಅದ್ರ ಸುತ್ತ ತಿರುಗ್ತಾ ಕಣ್ಣು ತಪ್ಪದಂಗೆ ನೋಡ್ತಾ ಇರಿ, ಕತ್ತು ನೋಯ್ತು ಅಂದ್ರೆ ಹೆಡ್ ಟ್ರ್ಯಾಕಿಂಗ್ ಕರ್ವ್ ಇನ್ನೂ ಕಡಿದಾಗ್ಬೇಕು ಅಂತ ಅರ್ಥ. ನಂತ್ರ ಟ್ಯಾಕ್ಸಿ, ಬ್ರೇಕ್ ಲಿವರ್ ಹಿಡ್ದು ಬಿಟ್ಟು ಹಿಡ್ದು ಬಿಟ್ಟು ತಿರುಗೋದು. ಕೊನೇಗೆ ಲ್ಯಾಂಡಿಂಗ್, ಮುಟ್ಟೋ ವೇಗಾನೇ ಗಂಟೆಗೆ 300 ಕಿಲೋಮೀಟರ್ ಹತ್ರ ಇರತ್ತೆ ಅನ್ನೋದು ನೆನಪಿರ್ಲಿ, ಆರ್‌ಪಿಎಂ ಬಿಡ್ದೆ ಬಂದು, ಚಕ್ರ ಮುಟ್ಟಿದ್ಮೇಲೆ ಥ್ರಾಟಲ್ ಎಳೆದು ಡ್ರ್ಯಾಗ್ ಶೂಟ್ ಬಿಡಿ. ಒಂದಾದ್ಮೇಲೆ ಒಂದು ನಾಲ್ಕೈದು ಲ್ಯಾಂಡಿಂಗ್ ರನ್‌ವೇ ನಡುಗೆರೆ ಮೇಲೇ ಸರಿಯಾಗಿ ಬಂದ್ರೆ, ಆಗ ಎರಡು ಆರ್-60 ನೇತುಹಾಕ್ಕೊಂಡು ಡಾಗ್‌ಫೈಟ್ ಸರ್ವರ್‌ಗೆ ಹೋಗಿ.